ಪಾದ್ರಿಗಳು ಚುನಾವಣೆಗೆ ನಿಲ್ಲಬೇಕಾ?

ಚುನಾವಣೆ ಹತ್ತಿರ ಬಂತು ಅಂದರೆ ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಮಾತು ಬಂದೇ ಬರುತ್ತದೆ. ಭಾನುವಾರದ ಪೂಜೆ ಮುಗಿದಿರುತ್ತದೆ, ನಾಲ್ಕೈದು ಜನ ಬೈಕಿಗೆ ಒರಗಿಕೊಂಡು ಮಾತಾಡುತ್ತಿರುತ್ತಾರೆ, ಅಷ್ಟರಲ್ಲಿ ಒಬ್ಬರು ಶುರು ಮಾಡುತ್ತಾರೆ: "ನಮ್ಮ ಫಾದರ್ ಅವರನ್ನೇ ನಿಲ್ಲಿಸಿದರೆ ಹೇಗೆ? ಓದಿದ್ದಾರೆ, ಮಾತು ಚೆನ್ನಾಗಿದೆ, ಮಕ್ಕಳಿಗೆ ಆಸ್ತಿ ಮಾಡಿಡಬೇಕು ಅನ್ನೋ ಆಸೆ ಇಲ್ಲ." ಪಕ್ಕದವರು ದನಿಗೂಡಿಸುತ್ತಾರೆ: "ಗೋರಖಪುರದ ಮಠದವರು ಮುಖ್ಯಮಂತ್ರಿ ಆಗಬಹುದು, ನಮ್ಮ ಪಾದ್ರಿ ಎಂಎಲ್ಎ ಆಗಬಾರದಾ?"

ಕೇಳಿದ ತಕ್ಷಣ ಸರಿ ಅನ್ನಿಸುತ್ತದೆ. ನಮ್ಮ ರಾಜ್ಯದಲ್ಲೇ 2024ರ ಲೋಕಸಭೆ ಚುನಾವಣೆಗೆ ಧಾರವಾಡದಿಂದ ದಿಂಗಾಲೇಶ್ವರ ಸ್ವಾಮೀಜಿ ನಾಮಪತ್ರ ಹಾಕಿ ಆಮೇಲೆ ವಾಪಸ್ ತೆಗೆದುಕೊಂಡರು. ಸ್ವಾಮೀಜಿಗಳು ನಿಲ್ಲುವುದು ಯಾರಿಗೂ ಈಗ ಹೊಸದಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಾದ್ರಿಗಳು ಚುನಾವಣೆಗೆ ನಿಲ್ಲಬಾರದು, ಪಕ್ಷ ಸೇರಬಾರದು. ಆದರೆ "ಧರ್ಮ ಬೇರೆ ರಾಜಕೀಯ ಬೇರೆ, ಪಾದ್ರಿ ಪೂಜೆ ಮಾಡಿಕೊಂಡು ಸುಮ್ನೆ ಇರಲಿ" ಅನ್ನುವವರ ಜೊತೆಗೂ ನಾನಿಲ್ಲ. ಆ ಮಾತು ಇನ್ನೂ ದೊಡ್ಡ ತಪ್ಪು. ಯಾಕೆ ಅಂತ ಕೊನೆಗೆ ಬರುತ್ತೇನೆ.

ಕಾನೂನಿನ ವಿಷಯ ಬೇಗ ಮುಗಿಯುತ್ತದೆ. ನಮ್ಮ ಸಂವಿಧಾನದಲ್ಲಿ ಪಾದ್ರಿ, ಮೌಲ್ವಿ, ಸ್ವಾಮೀಜಿ ಯಾರಿಗೂ ತಡೆ ಇಲ್ಲ. 25 ವರ್ಷ ತುಂಬಿದ ಮತದಾರ ವಿಧಾನಸಭೆಗೆ ನಿಲ್ಲಬಹುದು. ಬೇರೆ ಕಡೆ ತಡೆ ಇತ್ತು. ಅಮೆರಿಕದ ಟೆನೆಸ್ಸಿ ರಾಜ್ಯ 1796ರಲ್ಲೇ ಪಾದ್ರಿಗಳು ಶಾಸನಸಭೆಗೆ ಬರಬಾರದು ಅಂತ ಬರೆದುಕೊಂಡಿತ್ತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಬ್ರಿಟನ್ನಿನಲ್ಲಿ ಕೆಳಮನೆಗೆ ಪಾದ್ರಿಗಳು ಬರದಂತೆ ಇದ್ದ ಹಳೆಯ ಅಡ್ಡಿ 2001ರಲ್ಲಿ ಹೋಯಿತು. ಇದು ಸರಿಯೇ. ಸರ್ಕಾರ ಒಬ್ಬ ನಾಗರಿಕನಿಗೆ "ನೀನು ಪಾದ್ರಿ, ಆದ್ದರಿಂದ ನಿಲ್ಲಬೇಡ" ಅನ್ನಬಾರದು. ಪ್ರಶ್ನೆ ಇರುವುದು ಚರ್ಚಿನ ಒಳಗೆ, ಮತ್ತು ಆ ಪಾದ್ರಿಯ ಮನಸ್ಸಿನೊಳಗೆ.

ನಮ್ಮಲ್ಲಿ ಪಾದ್ರಿಗಳು ರಾಜಕೀಯಕ್ಕೆ ಬಂದೇ ಇಲ್ಲ ಅಂತೇನಿಲ್ಲ. ಸಂವಿಧಾನ ಬರೆದ ಸಭೆಯಲ್ಲೇ ಇದ್ದರು. ಮಂಗಳೂರಿನಲ್ಲಿ 1897ರಲ್ಲಿ ಹುಟ್ಟಿದ ಜೆರೋಮ್ ಡಿಸೋಜ ಯೇಸುಸಭೆ (ಜೆಸ್ವಿಟ್) ಅನ್ನುವ ಕಥೋಲಿಕ ಸಂಘದ ಗುರು, ಮದ್ರಾಸಿನಿಂದ ಆ ಸಭೆಯ ಸದಸ್ಯರಾಗಿದ್ದರು. 1949ರ ಮೇ ತಿಂಗಳಲ್ಲಿ ಧರ್ಮದ ಆಧಾರದ ಮೇಲೆ ಅಲ್ಪಸಂಖ್ಯಾತರಿಗೆ ಸೀಟು ಮೀಸಲಿಡುವುದು ಬೇಡ ಅಂತ ಸಭೆ ತೀರ್ಮಾನಿಸಿದಾಗ ಅವರು ಅದರ ಪರ ನಿಂತರು. ಅಂದರೆ ನಮ್ಮ ಸಮುದಾಯದ ಒಬ್ಬ ಪಾದ್ರಿಯೇ ಎದ್ದು ನಿಂತು ನಮಗೆ ಪ್ರತ್ಯೇಕ ಸೀಟು ಬೇಡ, ಜೊತೆಯ ನಾಗರಿಕರ ಮೇಲೆ ನಂಬಿಕೆ ಇದೆ ಅನ್ನುವ ಪಕ್ಷ ವಹಿಸಿದರು. ಈ ಸಂಗತಿ ನಮ್ಮ ಮಕ್ಕಳಿಗೆ ಚರ್ಚಿನಲ್ಲೂ ಹೇಳಿಕೊಡುವುದಿಲ್ಲ, ಶಾಲೆಯಲ್ಲೂ ಇಲ್ಲ. ಬೇಸರ ಆಗುತ್ತದೆ.

ಇನ್ನೊಬ್ಬರು ಶಿಲ್ಲಾಂಗಿನ ರೆವರೆಂಡ್ ಜೆ.ಜೆ.ಎಂ. ನಿಕೋಲ್ಸ್ ರಾಯ್. ಖಾಸಿ ಬುಡಕಟ್ಟಿನವರು, ಪ್ರೊಟೆಸ್ಟೆಂಟ್ ಸಭಾಪಾಲಕರು, ಅಸ್ಸಾಂ ಸರ್ಕಾರದಲ್ಲಿ ಮಂತ್ರಿ ಆಗಿದ್ದವರು. ಈಶಾನ್ಯದ ಗುಡ್ಡಗಾಡು ಜನರ ಜಮೀನು, ಕಾಡು, ಕಟ್ಟಳೆಗಳನ್ನು ಅವರದೇ ಜಿಲ್ಲಾ ಮಂಡಳಿಗಳು ನೋಡಿಕೊಳ್ಳಲಿ ಅನ್ನುವ ಸಂವಿಧಾನದ ಆರನೇ ಶೆಡ್ಯೂಲ್ ಇದೆಯಲ್ಲ, ಅದರ ಹಿಂದೆ ಅವರ ದುಡಿಮೆ ದೊಡ್ಡದು. ಇವತ್ತಿಗೂ ಮೇಘಾಲಯ, ಮಿಜೋರಾಂ, ಅಸ್ಸಾಂ, ತ್ರಿಪುರಾದ ಲಕ್ಷಾಂತರ ಜನ ಅದರ ನೆರಳಿನಲ್ಲಿದ್ದಾರೆ.

ಹಾಗಾದರೆ ನನ್ನ ವಾದ ಇಲ್ಲಿಯೇ ಬಿದ್ದುಹೋಯಿತಾ? ನಾನು ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ. ಸಂವಿಧಾನ ಸಭೆ ಚುನಾವಣಾ ಕಣ ಆಗಿರಲಿಲ್ಲ. ಜೆರೋಮ್ ಡಿಸೋಜ ಊರೂರು ತಿರುಗಿ ವೋಟು ಕೇಳಿ ಬಂದವರಲ್ಲ. ನಿಕೋಲ್ಸ್ ರಾಯ್ ಕಣಕ್ಕಿಳಿದವರೇ, ಒಪ್ಪುತ್ತೇನೆ, ಆದರೆ ಅವರ ಮೇಲೆ ರೋಮಿನ ಪೋಪ್ ಇರಲಿಲ್ಲ, ಬಿಷಪ್ಪರಿಗೆ ವಿಧೇಯನಾಗಿರುತ್ತೇನೆ ಅಂತ ಪ್ರಮಾಣ ಮಾಡಿದ ಕಥೋಲಿಕ ಗುರು ಅವರಲ್ಲ. ಆ ಪ್ರಮಾಣವೇ ನನ್ನ ವಾದದ ಮೊದಲ ಕಾಲು.

ಕಥೋಲಿಕ ಚರ್ಚಿನ 1983ರ ಕಾನೂನು ಸಂಹಿತೆಯಲ್ಲಿ ಎರಡು ನಿಯಮ ಇವೆ. 285ನೇ ನಿಯಮದ ಪ್ರಕಾರ ಸರ್ಕಾರದ ಅಧಿಕಾರ ಚಲಾಯಿಸುವ ಹುದ್ದೆಯನ್ನು ಗುರುಗಳು ಹಿಡಿಯುವ ಹಾಗಿಲ್ಲ. 287ನೇ ನಿಯಮದ ಪ್ರಕಾರ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸುವ ಹಾಗಿಲ್ಲ. ಎರಡನೆಯದರಲ್ಲಿ ಒಂದು ಸಣ್ಣ ಕಿಟಕಿ ಬಿಟ್ಟಿದ್ದಾರೆ: ಚರ್ಚಿನ ಹಕ್ಕು ಕಾಯಲು ಅಥವಾ ಎಲ್ಲರ ಒಳಿತಿಗೆ ಅಗತ್ಯ ಅಂತ ಮೇಲಿನವರಿಗೆ ಅನ್ನಿಸಿದರೆ ಒಪ್ಪಿಗೆ ಕೊಡಬಹುದು. ಈ ನಿಯಮ ಸುಮ್ನೆ ಬಂದದ್ದಲ್ಲ. ಅದರ ಹಿಂದೆ ಇರುವ ಎರಡು ಕಥೆ ಗೊತ್ತಾದರೆ ವಿಷಯ ಅರ್ಧ ಅರ್ಥವಾಗುತ್ತದೆ.

ಒಂದು, ಅಮೆರಿಕದ ರಾಬರ್ಟ್ ಡ್ರೈನನ್. ಯೇಸುಸಭೆಯ ಗುರು, ಕಾನೂನು ಓದಿದವರು. ವಿಯೆಟ್ನಾಂ ಯುದ್ಧ ಬೇಡ ಅಂತ ಹೇಳಿಕೊಂಡು 1970ರಲ್ಲಿ ಮ್ಯಾಸಚೂಸೆಟ್ಸಿನಿಂದ ಸಂಸತ್ತಿಗೆ ಗೆದ್ದರು. ಐದು ಸಲ ಗೆದ್ದರು. ಅಧ್ಯಕ್ಷ ನಿಕ್ಸನ್ ಅವರನ್ನು ಮಹಾಭಿಯೋಗದಿಂದ ಕೆಳಗಿಳಿಸಬೇಕು ಅಂತ 1973ರ ಜುಲೈಯಲ್ಲಿ ಸಂಸತ್ತಿನಲ್ಲಿ ಮೊದಲ ನಿರ್ಣಯ ಮಂಡಿಸಿದವರು ಇವರೇ, ಕಾರಣ ಕಾಂಬೋಡಿಯಾದ ಮೇಲೆ ಗುಟ್ಟಾಗಿ ಹಾಕಿದ ಬಾಂಬು. ಒಳ್ಳೆಯ ಜನಪ್ರತಿನಿಧಿ ಅಂತ ಯಾರು ಬೇಕಾದರೂ ಒಪ್ಪುತ್ತಾರೆ. 1980ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರಿಂದ ಆಜ್ಞೆ ಬಂತು, ಇನ್ನು ಸ್ಪರ್ಧಿಸಬಾರದು. ಡ್ರೈನನ್ ನೋವಿನಿಂದಲೇ ಒಪ್ಪಿ ಹಿಂದೆ ಸರಿದರು.

ವಿಧೇಯತೆಯ ಕಣ್ಣಿಂದ ನೋಡಿದರೆ ಅದು ಸುಂದರ. ಆದರೆ ಒಬ್ಬ ಮತದಾರನ ಕಣ್ಣಿಂದ ನೋಡಿ. ಐದು ಸಲ ಆರಿಸಿ ಕಳಿಸಿದ ಕ್ಷೇತ್ರ, ಅಲ್ಲಿ ಯೆಹೂದಿಗಳಿದ್ದರು, ಪ್ರೊಟೆಸ್ಟೆಂಟರಿದ್ದರು, ದೇವರನ್ನೇ ನಂಬದವರಿದ್ದರು, ಅವರೆಲ್ಲರ ಪ್ರತಿನಿಧಿ ಆರನೇ ಸಲ ನಿಲ್ಲಬೇಕೋ ಬೇಡವೋ ಅನ್ನುವುದನ್ನು ಅವರು ಯಾರೂ ಆರಿಸದ ಒಬ್ಬರು, ಸಮುದ್ರದ ಆಚೆಯಿಂದ, ಒಂದು ಆಜ್ಞೆಯಲ್ಲಿ ತೀರ್ಮಾನಿಸಿದರು. ಗರ್ಭಪಾತದ ವಿಷಯದಲ್ಲಿ ಡ್ರೈನನ್ ಹಾಕಿದ ಮತಗಳು ಚರ್ಚಿನ ನಿಲುವಿಗೆ ವಿರುದ್ಧವಾಗಿದ್ದವು. ಚರ್ಚಿಗೆ ಅವರು ಮುಜುಗರ ಆಗಿದ್ದರು, ಅವರಿಗೆ ಪ್ರಮಾಣ ಕಟ್ಟು ಆಗಿತ್ತು. ಇದರಲ್ಲಿ ಯಾರನ್ನೂ ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಆಗುವುದೇ ಆಗಿದೆ.

ಎರಡನೆಯದು ಮಧ್ಯ ಅಮೆರಿಕದ ನಿಕರಾಗುವ ದೇಶ. ಇಲ್ಲಿ ಪಾದ್ರಿಗಳು ಆಜ್ಞೆ ಒಪ್ಪಲಿಲ್ಲ. 1979ರಲ್ಲಿ ಸೊಮೋಸ ಸರ್ವಾಧಿಕಾರ ಬಿದ್ದು ಸ್ಯಾಂಡಿನಿಸ್ತಾ ಕ್ರಾಂತಿಕಾರಿಗಳು ಅಧಿಕಾರಕ್ಕೆ ಬಂದಾಗ ಸರ್ಕಾರದಲ್ಲಿ ಪಾದ್ರಿಗಳೂ ಸೇರಿದರು. ಕವಿ ಎರ್ನೆಸ್ತೋ ಕಾರ್ದೆನಾಲ್ ಸಂಸ್ಕೃತಿ ಮಂತ್ರಿ, ಮಿಗೆಲ್ ದೆಸ್ಕೋತೋ ವಿದೇಶಾಂಗ ಮಂತ್ರಿ. ಎರ್ನೆಸ್ತೋ ಅವರ ತಮ್ಮ ಫೆರ್ನಾಂದೋ 1980ರಲ್ಲಿ ದೊಡ್ಡ ಸಾಕ್ಷರತಾ ಆಂದೋಲನ ನಡೆಸಿದರು, ಹದಿಹರೆಯದ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹಳ್ಳಿಗೆ ಹೋಗಿ ರೈತರಿಗೆ ಅಕ್ಷರ ಕಲಿಸಿದರು. ಒಳ್ಳೆಯ ಕೆಲಸ ಅಲ್ವಾ? ಖಂಡಿತ ಒಳ್ಳೆಯದು. ಆದರೆ 1983ರ ಮಾರ್ಚಿನಲ್ಲಿ ಪೋಪ್ ರಾಜಧಾನಿ ಮನಾಗುವದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಎರ್ನೆಸ್ತೋ ಮಂಡಿಯೂರಿ ಕೈಗೆ ಮುತ್ತಿಡಲು ಹೋದರು, ಪೋಪ್ ಬೆರಳು ಅಲ್ಲಾಡಿಸಿ ಚರ್ಚಿನ ಜೊತೆ ನಿನ್ನ ಸ್ಥಿತಿ ಸರಿಮಾಡಿಕೋ ಅನ್ನುವಂತೆ ಗದರಿದರು. ಆ ಫೋಟೋ ಜಗತ್ತೆಲ್ಲ ನೋಡಿತು. ಅವರು ಹುದ್ದೆ ಬಿಡಲಿಲ್ಲ. ಆಮೇಲೆ ಪೂಜೆ ಅರ್ಪಿಸುವ ಅಧಿಕಾರವನ್ನೇ ತಡೆಹಿಡಿದರು.

ಮುಂದಿನದನ್ನು ಜನ ಜಾಸ್ತಿ ಹೇಳುವುದಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಎರ್ನೆಸ್ತೋ ಕಾಲಕ್ರಮೇಣ ಪಕ್ಷದ ನಾಯಕ ಒರ್ತೇಗ ಅವರ ದಾರಿ ನೋಡಿ ರೋಸಿಹೋಗಿ ದೂರವಾದರು. 2019ರಲ್ಲಿ ಪೋಪ್ ಫ್ರಾನ್ಸಿಸ್ ನಿಷೇಧ ತೆಗೆದಾಗ ಅವರಿಗೆ 94 ವರ್ಷ, ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಪೂಜೆ ಅರ್ಪಿಸಿದರು. ಮರುವರ್ಷ ತೀರಿಕೊಂಡರು. ಮನಾಗುವದ ಕೆಥೆಡ್ರಲ್‌ನಲ್ಲಿ ಅವರ ಅಂತಿಮ ಪೂಜೆ ನಡೆಯುವಾಗ ಸರ್ಕಾರದ ಬೆಂಬಲಿಗರು ಒಳಗೆ ನುಗ್ಗಿ "ದ್ರೋಹಿ" ಅಂತ ಕೂಗಿದರು. ಯಾವ ಪಕ್ಷಕ್ಕಾಗಿ ಬಲಿಪೀಠ ಬಿಟ್ಟರೋ ಆ ಪಕ್ಷದವರೇ ಶವಪೆಟ್ಟಿಗೆಯ ಮುಂದೆ ಕೂಗಿದರು. ಅದೇ ಒರ್ತೇಗ ಸರ್ಕಾರ 2023ರಲ್ಲಿ ಬಿಷಪ್ ರೊಲಾಂದೋ ಆಲ್ವರೆಸ್ ಅವರಿಗೆ 26 ವರ್ಷ ಶಿಕ್ಷೆ ಕೊಟ್ಟಿತು, ಯೇಸುಸಭೆಯ ವಿಶ್ವವಿದ್ಯಾಲಯವನ್ನು ಕಿತ್ತುಕೊಂಡಿತು, ಬಿಷಪ್ಪರನ್ನು 2024ರ ಜನವರಿಯಲ್ಲಿ ರೋಮಿಗೆ ಗಡೀಪಾರು ಮಾಡಿತು.

ಈಗ ಇದನ್ನು ನಮ್ಮ ವಿಧಾನಸಭೆಗೆ ತಂದು ನೋಡಿ. ನಮ್ಮ ಸಂವಿಧಾನದ ಹತ್ತನೇ ಶೆಡ್ಯೂಲ್ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗಬಹುದು. ಪಾದ್ರಿ ಶಾಸಕರಾದರು ಅಂತ ಇಟ್ಟುಕೊಳ್ಳಿ. ಮತಾಂತರ ಮಸೂದೆ ಬಂತು, ಅಥವಾ ಬಡವರ ಜಮೀನು ಕಿತ್ತುಕೊಳ್ಳುವ ಮಸೂದೆ ಬಂತು. ಪಕ್ಷ ಒಂದು ಹೇಳುತ್ತದೆ, ಬಿಷಪ್ ಒಂದು ಹೇಳುತ್ತಾರೆ, ಕ್ಷೇತ್ರದ ಜನ ಇನ್ನೊಂದು ಹೇಳುತ್ತಾರೆ. ಬಿಷಪ್ಪರ ಮಾತು ಕೇಳಿದರೆ ಮತ ಹಾಕಿದ ಹಿಂದೂ, ಮುಸ್ಲಿಂ ಮತದಾರರಿಗೆ ಮೋಸ. ಪಕ್ಷದ ಮಾತು ಕೇಳಿದರೆ ದೀಕ್ಷೆಯ ದಿನ ಕೊಟ್ಟ ಮಾತಿಗೆ ಮೋಸ. ಸಾಮಾನ್ಯ ಶಾಸಕನಿಗೂ ಮನಸ್ಸಾಕ್ಷಿಯ ಕಷ್ಟ ಇರುತ್ತದೆ, ನಿಜ. ಆದರೆ ಅವನು ಇನ್ನೊಬ್ಬರಿಗೆ ಜೀವನಪೂರ್ತಿ ವಿಧೇಯನಾಗಿರುತ್ತೇನೆ ಅಂತ ಕೈ ಜೋಡಿಸಿ ಹೇಳಿರುವುದಿಲ್ಲ.

ವಾದದ ಇನ್ನೊಂದು ಕಾಲು ನಮ್ಮ ಮನೆಯಲ್ಲೇ ಇದೆ. ಅಪ್ಪ ಒಂದು ಪಕ್ಷ, ಚಿಕ್ಕಪ್ಪ ಇನ್ನೊಂದು ಪಕ್ಷ. ಚುನಾವಣೆ ಬಂದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಊಟಕ್ಕೆ ಕೂರುತ್ತಿರಲಿಲ್ಲ. ಅಜ್ಜಿ ಸಾಯುವ ರಾತ್ರಿ ಫಾದರ್ ಬಂದರು. ಮಳೆ ಸುರಿಯುತ್ತಿತ್ತು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅಜ್ಜಿಯ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಶುರು ಮಾಡಿದಾಗ ಅಪ್ಪ, ಚಿಕ್ಕಪ್ಪ ಇಬ್ಬರೂ ಪಕ್ಕಪಕ್ಕ ಮಂಡಿಯೂರಿದರು. ಆ ಫಾದರ್ ಯಾವುದೋ ಒಂದು ಪಕ್ಷದ ಬಿ-ಫಾರಂ ಹಿಡಿದವರಾಗಿದ್ದರೆ ಇಬ್ಬರಲ್ಲಿ ಒಬ್ಬರು ಅಂಗಳದಲ್ಲೇ ನಿಲ್ಲುತ್ತಿದ್ದರು. ಪಾಪನಿವೇದನೆಗೆ ಹೋದವರು ಮನಸ್ಸು ಬಿಚ್ಚುತ್ತಿರಲಿಲ್ಲ. ಇದು ಕಲ್ಪನೆ ಅಲ್ಲ, ಊರಿನ ಚುನಾವಣೆ ನೋಡಿದವರಿಗೆ ಗೊತ್ತು, ಪಂಚಾಯ್ತಿ ಸೀಟಿಗೆ ಅಣ್ಣ ತಮ್ಮ ಮಾತು ಬಿಡುತ್ತಾರೆ.

ಅಧಿಕಾರ ಕೈಗೆ ಬಂದ ಪಾದ್ರಿಗಳ ಚರಿತ್ರೆಯೂ ಹೆಮ್ಮೆ ಪಡುವಂಥದ್ದಲ್ಲ. ಸ್ಲೊವಾಕಿಯಾದ ಯೋಜೆಫ್ ಟಿಸೊ ಪಾದ್ರಿಯಾಗಿದ್ದುಕೊಂಡೇ 1939ರಿಂದ 1945ರ ತನಕ ಅಧ್ಯಕ್ಷರಾಗಿದ್ದರು. ಅವರ ಆಳ್ವಿಕೆಯಲ್ಲಿ ಸಾವಿರಾರು ಯೆಹೂದಿಗಳನ್ನು ರೈಲು ಹತ್ತಿಸಿ ನಾಜಿಗಳ ಸಾವಿನ ಶಿಬಿರಗಳಿಗೆ ಕಳಿಸಲಾಯಿತು. 1947ರಲ್ಲಿ ಅವರನ್ನು ಗಲ್ಲಿಗೇರಿಸಿದರು. ಎಲ್ಲರೂ ಟಿಸೊ ಆಗುತ್ತಾರೆ ಅಂತಲ್ಲ. ಹೈಟಿಯ ಅರಿಸ್ತೀದ್ ಬಡವರ ಪಾದ್ರಿಯಾಗಿ 1990ರಲ್ಲಿ ಭಾರೀ ಮತದಿಂದ ಗೆದ್ದರು, ಪರಾಗ್ವೆಯ ಬಿಷಪ್ ಫೆರ್ನಾಂದೋ ಲುಗೋ 2008ರಲ್ಲಿ ಅಧ್ಯಕ್ಷರಾದರು. ಇಬ್ಬರೂ ಕೊನೆಗೆ ಗುರುಪಟ್ಟ ಬಿಟ್ಟು ಸಾಮಾನ್ಯ ವಿಶ್ವಾಸಿಗಳ ಸಾಲಿಗೆ ಬಂದರು.

ಕೇರಳದ ವಿಷಯ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅಲ್ಲಿ ಪಾದ್ರಿಗಳು ಚುನಾವಣೆಗೆ ನಿಲ್ಲದೆಯೇ ರಾಜಕೀಯ ಮಾಡಿದ್ದಾರೆ. 1957ರಲ್ಲಿ ಇಎಂಎಸ್ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ ಶಿಕ್ಷಣ ಮಸೂದೆ ತಂದಾಗ ಚರ್ಚು ಬೀದಿಗಿಳಿಯಿತು. ವಿಮೋಚನಾ ಹೋರಾಟ ಅಂತ ಕರೆದ ಆ ಚಳವಳಿಯ ಮುಂದಾಳುಗಳಲ್ಲಿ ಫಾದರ್ ವಡಕ್ಕನ್ ಒಬ್ಬರು. 1959ರ ಜುಲೈ 31ರಂದು ಕೇಂದ್ರ ಸರ್ಕಾರ ಇಎಂಎಸ್ ಸರ್ಕಾರವನ್ನು ವಜಾ ಮಾಡಿತು. ಬಹುಮತವಿದ್ದ ಸರ್ಕಾರ ಅದು. ಕೆಲವೇ ವರ್ಷದಲ್ಲಿ ಅದೇ ವಡಕ್ಕನ್ ರೈತರ ಒಕ್ಕಲೆಬ್ಬಿಸುವಿಕೆ ವಿರುದ್ಧ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಜೊತೆ ನಿಂತರು, ಸ್ವಂತ ಪಕ್ಷ ಕಟ್ಟಿದರು, 1967ರಲ್ಲಿ ಇಎಂಎಸ್ ಅವರ ಏಳು ಪಕ್ಷಗಳ ಕೂಟಕ್ಕೇ ಸೇರಿದರು. ಮನುಷ್ಯ ಬದಲಾಗಬಹುದು, ಅದು ತಪ್ಪಲ್ಲ. ಆದರೆ ಅವರ ಮಾತು ನಂಬಿ 1959ರಲ್ಲಿ ಕಮ್ಯುನಿಸ್ಟರನ್ನು ದೇವರ ಶತ್ರು ಅಂದುಕೊಂಡ ಬಡ ರೈತ 1967ರಲ್ಲಿ ಏನೆಂದುಕೊಂಡಿರಬೇಕು?

ಈಚಿನದ್ದು 2023ರ ಮಾರ್ಚ್. ತಲಶ್ಶೇರಿಯ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಜೋಸೆಫ್ ಪಾಂಪ್ಲಾನಿ ರೈತರ ಸಭೆಯಲ್ಲಿ ಮಾತಾಡುತ್ತಾ, ರಬ್ಬರ್ ಬೆಲೆಯನ್ನು ಕಿಲೋಗೆ 300 ರೂಪಾಯಿ ಮಾಡಿದರೆ ಕೇರಳದಿಂದ ಒಬ್ಬ ಸಂಸದನೂ ಇಲ್ಲದ ಬಿಜೆಪಿಯ ಕೊರತೆ ನೀಗಿಸಿಕೊಡುತ್ತೇವೆ ಅನ್ನುವ ಅರ್ಥದಲ್ಲಿ ಹೇಳಿದರು. ರಬ್ಬರ್ ಬೆಳೆಗಾರರ ಸಂಕಟ ನಿಜ, ದಕ್ಷಿಣ ಕನ್ನಡದಲ್ಲಿ ರಬ್ಬರ್ ಹಾಕಿದವರಿಗೂ ಅದು ಗೊತ್ತು. ಆ ಬಿಷಪ್ ರೈತರ ಪರ ಮಾತಾಡಿದ್ದು ನೂರಕ್ಕೆ ನೂರು ಸರಿ. ಆದರೆ "ಬೆಲೆ ಕೊಡಿ, ವೋಟು ಕೊಡುತ್ತೇವೆ" ಅಂದಾಗ ವೋಟು ಯಾರದು? ನನ್ನ ವೋಟು ನನ್ನದು. ಅದನ್ನು ಗಂಟು ಕಟ್ಟಿ ವ್ಯಾಪಾರಕ್ಕೆ ಇಡುವ ಹಕ್ಕನ್ನು ನಾನು ಯಾವ ಬಿಷಪ್ಪರಿಗೂ ಕೊಟ್ಟಿಲ್ಲ. ನನ್ನ ಕಣ್ಣಿಗೆ ಇದು ಪಾದ್ರಿ ನೇರವಾಗಿ ಚುನಾವಣೆಗೆ ನಿಲ್ಲುವುದಕ್ಕಿಂತಲೂ ಕೆಟ್ಟದ್ದು. ನಿಂತವರನ್ನು ಸೋಲಿಸಬಹುದು. ಪೀಠದಲ್ಲಿ ಕೂತು ವೋಟಿನ ಮಾತುಕತೆ ಮಾಡುವವರನ್ನು ಯಾರು ಸೋಲಿಸಬೇಕು? ಇದು ಎಲ್ಲ ಮಠಗಳಿಗೂ ಅನ್ವಯಿಸುವ ಮಾತು.

ಅದೇ ವರ್ಷ ಇಡುಕ್ಕಿಯ ಒಬ್ಬ ಪಾದ್ರಿ ಬಿಜೆಪಿ ಸೇರಿದರು. ಅಲ್ಲಿನ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತ) ತಕ್ಷಣ ಅವರನ್ನು ಧರ್ಮಕೇಂದ್ರದ, ಅಂದರೆ ಊರ ಚರ್ಚಿನ, ಹೊಣೆಯಿಂದ ಇಳಿಸಿತು. ಯಾವ ಪಕ್ಷ ಸೇರಿದ್ದರೂ ಹೀಗೇ ಮಾಡಬೇಕು. ಎಲ್ಲ ಪಕ್ಷಕ್ಕೂ ಒಂದೇ ಅಳತೆ ಇದ್ದರೆ ಮಾತ್ರ ಆ ಶಿಸ್ತಿಗೆ ಬೆಲೆ.

ನಮ್ಮ ಚುನಾವಣಾ ಕಾನೂನಿನಲ್ಲೂ ಇದರ ಅರಿವು ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್, ಇಂಥವರಿಗೆ ವೋಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅಂತ ಹೆದರಿಸುವುದನ್ನು ಭ್ರಷ್ಟ ಆಚರಣೆಗಳ ಪಟ್ಟಿಗೆ ಸೇರಿಸಿದೆ. ಧರ್ಮದ ಹೆಸರಿನಲ್ಲಿ ವೋಟು ಕೇಳುವುದೂ ಅದರಲ್ಲೇ ಬರುತ್ತದೆ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ ಮತದಾರರ ಧರ್ಮ ಎತ್ತಿದರೂ ತಪ್ಪೇ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 4–3ರಲ್ಲಿ ಹೇಳಿತು. ಪಾದ್ರಿಯೇ ಅಭ್ಯರ್ಥಿಯಾದರೆ ಅವರ ನಿಲುವಂಗಿಯೇ ಮಾತಾಡುತ್ತದಲ್ಲ, ಅದನ್ನು ಯಾವ ಕಾನೂನು ತಡೆಯುತ್ತದೆ?

"ಎಲ್ಲ ಸರಿ, ನಮ್ಮ ಪರ ಮಾತಾಡುವವರು ಯಾರು?" ಇದು ಅಂಗಳದಲ್ಲಿ ಬರುವ ಕೊನೆಯ ಪ್ರಶ್ನೆ, ಇದರಲ್ಲಿ ನೋವಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು 11.4 ಲಕ್ಷ, ಶೇ 1.87. ಎಲ್ಲೂ ಒಟ್ಟಾಗಿ ಒಂದು ಸೀಟು ಗೆಲ್ಲುವಷ್ಟು ಇಲ್ಲ ಅನ್ನಬಹುದು. ವಿಧಾನಸಭೆಗೆ ನಾಮಕರಣ ಆಗುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರ ಸ್ಥಾನವೂ 2020ರಲ್ಲಿ ಹೋಯಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ಆದಾಗ ನಮಗೆ ಯಾರಿದ್ದಾರೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಇದಕ್ಕೆ ಉತ್ತರ ಪಾದ್ರಿ ಅಲ್ಲ, ನಾವು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಹದಿನಾರನೇ ವಯಸ್ಸಿನಲ್ಲಿ ಪಾದ್ರಿ ಆಗಲು ಬೆಂಗಳೂರಿನ ಸೆಮಿನರಿಗೆ ಸೇರಿದವರು. ಅಲ್ಲಿ ಮೇಲಿನವರಿಗೊಂದು ಊಟ, ಹುಡುಗರಿಗೊಂದು ಊಟ ನೋಡಿ ಬೇಸತ್ತು ಹೊರಬಂದರು. ಕಾರ್ಮಿಕರ ಸಂಘ ಕಟ್ಟಿದರು, 1974ರ ರೈಲ್ವೆ ಮುಷ್ಕರ ನಡೆಸಿದರು, ಬಿಹಾರದಿಂದ ಗೆದ್ದರು. ಯಾವ ಕ್ರೈಸ್ತ ಮತದ ಲೆಕ್ಕದಲ್ಲಿ ಮುಜಫ್ಫರಪುರ ಅವರನ್ನು ಗೆಲ್ಲಿಸಿತು? ಅವರ ಕೊನೆಗಾಲದ ರಾಜಕೀಯದ ಬಗ್ಗೆ ನನಗೆ ತಕರಾರು ಇದೆ, ಆದರೆ ಆ ದಾರಿ ಸರಿ ಇತ್ತು: ನಿಲುವಂಗಿ ಬಿಟ್ಟು, ಎಲ್ಲರ ನಡುವೆ ದುಡಿದು, ಎಲ್ಲರ ವೋಟು ಕೇಳಿದರು.

ನಮ್ಮಲ್ಲಿ ಒಳ್ಳೆಯ ಹುಡುಗ ಹುಡುಗಿಯರನ್ನು ನಾವೇ ರಾಜಕೀಯದಿಂದ ದೂರ ಇಡುತ್ತೇವೆ. ನರ್ಸ್ ಆಗು, ಗಲ್ಫಿಗೆ ಹೋಗು, ಕೆನಡಾಗೆ ಹೋಗು ಅನ್ನುತ್ತೇವೆ. ಆಮೇಲೆ ಖಾಲಿ ಜಾಗಕ್ಕೆ ಪಾದ್ರಿಯನ್ನು ತಳ್ಳುತ್ತೇವೆ.

ಇನ್ನು ಪಾದ್ರಿ ಸುಮ್ನಿರಲಿ ಅನ್ನುವವರಿಗೆ. ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೇರೋ ಯಾವ ಪಕ್ಷವನ್ನೂ ಸೇರಲಿಲ್ಲ. ಭಾನುವಾರದ ಪ್ರವಚನದಲ್ಲಿ ಆ ವಾರ ಕೊಂದವರ, ಕಾಣೆಯಾದವರ ಹೆಸರು ಓದುತ್ತಿದ್ದರು, ರೇಡಿಯೋದಲ್ಲಿ ದೇಶವೆಲ್ಲ ಕೇಳುತ್ತಿತ್ತು. 1980ರ ಮಾರ್ಚ್ 23ರಂದು ಸೈನಿಕರಿಗೆ ನೇರವಾಗಿ ಹೇಳಿದರು, ನಿಮ್ಮದೇ ಜನರನ್ನು ಕೊಲ್ಲುವುದು ನಿಲ್ಲಿಸಿ. ಮರುದಿನ ಪೂಜೆ ಅರ್ಪಿಸುವಾಗಲೇ ಗುಂಡಿಕ್ಕಿ ಕೊಂದರು. ಅವರಿಗೆ ಕುರ್ಚಿ ಇದ್ದಿದ್ದರೆ ಆ ಮಾತಿಗೆ ಅಷ್ಟು ತೂಕ ಇರುತ್ತಿರಲಿಲ್ಲ. ನಮ್ಮ ಫಾದರ್ ಸ್ಟಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್ಸ್‌ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಯುವಕರಿಗೆ ತರಬೇತಿ ಕೊಟ್ಟು ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಇದ್ದವರು. ಜಮೀನು, ಕಾಡು, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಆದಿವಾಸಿ ಹುಡುಗರು, ಇದೇ ಅವರ ಮಾತು. 2020ರ ಅಕ್ಟೋಬರಿನಲ್ಲಿ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆ ಅಡಿ ಬಂಧಿಸಿದರು. ಪಾರ್ಕಿನ್ಸನ್ಸ್‌ನಿಂದ ಕೈ ನಡುಗುತ್ತಿತ್ತು, ನೀರು ಕುಡಿಯುವ ಸಿಪ್ಪರ್‌ಗಾಗಿ ಕೋರ್ಟಿಗೆ ಹೋಗಬೇಕಾಯಿತು. ಜಾಮೀನು ಸಿಗದೆ, ವಿಚಾರಣೆ ಶುರುವಾಗದೆ, 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು. ಇದೂ ರಾಜಕೀಯವೇ. ಪಾದ್ರಿಗೆ ತಕ್ಕ ರಾಜಕೀಯ.

ಮಿಜೋರಾಂನಲ್ಲಿ ಇನ್ನೊಂದು ಬಗೆ ಇದೆ. 2006ರಲ್ಲಿ ಚರ್ಚುಗಳ ಬೆಂಬಲದಿಂದ ಶುರುವಾದ ಮಿಜೋರಾಂ ಪೀಪಲ್ ಫೋರಂ ಪಕ್ಷಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಊಟ ಹಾಕಿಸಬೇಡಿ, ಅಬ್ಬರದ ಪ್ರಚಾರ ಬೇಡ, ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಗೆ ಬಂದು ಮಾತಾಡಿ. ಚರ್ಚು ಅತಿಯಾಗಿ ಕೈಹಾಕುತ್ತದೆ ಅನ್ನುವ ದೂರೂ ಇದೆ, ಚರ್ಚಿಗೆ ಅಷ್ಟು ಬಲ ಇರುವಲ್ಲಿ ಆ ಎಚ್ಚರ ಬೇಕೇ ಬೇಕು. ಆದರೆ ಒಂದೇ ವೇದಿಕೆಯ ವಿಚಾರ ನನಗೆ ತುಂಬಾ ಹಿಡಿಸಿದೆ.

ನಮ್ಮ ಧರ್ಮಕೇಂದ್ರದಲ್ಲೂ ಒಂದು ಹಾಲ್ ಇದೆ, ಮದುವೆಗೆ ಬಾಡಿಗೆಗೆ ಕೊಡುತ್ತೇವೆ. ಮುಂದಿನ ಚುನಾವಣೆಗೆ ಮೊದಲು ಒಂದು ಸಂಜೆ ಅದನ್ನು ಖಾಲಿ ಇಡಿ ಅಂತ ಪಾಲನಾ ಸಮಿತಿಗೆ ಕೇಳಿಕೊಂಡಿದ್ದೇನೆ. ಕ್ಷೇತ್ರದ ಎಲ್ಲ ಅಭ್ಯರ್ಥಿಗಳನ್ನೂ ಕರೆಯೋಣ, ಬೇರೆ ಧರ್ಮದ ನೆರೆಹೊರೆಯವರನ್ನೂ ಕರೆಯೋಣ, ಪ್ರಶ್ನೆ ಕೇಳುವವರು ನಾವಿರೋಣ. ಫಾದರ್ ಬರಲಿ, ಹಿಂದಿನ ಸಾಲಿನಲ್ಲಿ ಕೂರಲಿ. ಅವರೂ ಒಬ್ಬ ಮತದಾರರು, ಅವರಿಗೂ ಒಂದು ಪ್ರಶ್ನೆ ಕೇಳಲು ಸಮಯ ಕೊಡೋಣ. ಸಮಿತಿಯವರು ನೋಡೋಣ ಅಂದಿದ್ದಾರೆ.